ನಾಲ್ಕನೇ ಕಂಪ್ಯೂಟರಿನ ಪಟ್ಟಿ

ಸುಂಟಿಕೊಪ್ಪ
7 ಜನವರಿ 2025, ಮಂಗಳವಾರ

ಪ್ರೀತಿಯ ಪವಿತ್ರಕ್ಕ,

ಇವತ್ತು ಬೆಳಗ್ಗೆ ನಮ್ಮ ಕಂಪ್ಯೂಟರ್ ಕೇಂದ್ರದ ಮೇನ್ ಸ್ವಿಚ್ ಹಾಕಿ ಕಸ ಗುಡಿಸುವಾಗ ನಾಲ್ಕನೇ ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಒಂದು ಸ್ಟಿಕ್ಕರ್ ಬೊಟ್ಟು ಕಂಡಿತು. ಮೆರೂನ್ ಬಣ್ಣದ್ದು, ಕಡಲೆಬೇಳೆಯಷ್ಟು. ಸುಮ್ಮನೆ ಅಂಟಿಸಿದ್ದಲ್ಲ, ಮಿನುಗುವ ಆ ಕಿತ್ತಳೆ ದೀಪದ ಮೇಲೇ ಸರಿಯಾಗಿ ಒತ್ತಿದ್ದರು. ಉಗುರಿನಿಂದ ಎಬ್ಬಿಸಿದರೆ ಕೆಳಗೆ ದೀಪ ಪಟಪಟ ಹೊಡೆದುಕೊಳ್ಳುತ್ತಿತ್ತು. ಮುಂದೆ ಯಾರೂ ಕೂತಿರಲಿಲ್ಲ. ಉಳಿದ ಏಳು ಕಂಪ್ಯೂಟರುಗಳು ತೆಪ್ಪಗಿದ್ದವು.

ಬೊಟ್ಟು ಜವರಿಯಕ್ಕನದು ಎಂದು ಆಮೇಲೆ ನೆನಪಾಯಿತು. ನಿನ್ನೆ ಸಂಜೆ, "ಈ ಲೈಟು ಕಣ್ಣು ಹೊಡೀತದೆ ಮೇಡಂ, ಆಗುದಿಲ್ಲ ನಂಗೆ" ಎಂದು ಹಣೆಗೆ ಕೈ ಹಾಕಿದ್ದರು.

ಅವರು ಬಂದದ್ದು ಯಾಕೆಂದು ನಿಮಗೆ ಹೇಳಿದರೆ ತಪ್ಪಿಲ್ಲ, ನೀವೂ ಎಸ್ಟೇಟಿನ ಕೆಲಸದವರ ಅದೇ ಲೈನ್ ಮನೆಗಳಲ್ಲಿ ಬೆಳೆದವರು. ಲೈನಿನ ಹೆಂಗಸರ ಸ್ನಾನದ ಶೆಡ್ಡಿಗೆ ಎರಡು ಮಳೆಗಾಲದಿಂದ ಬಾಗಿಲಿಲ್ಲ. ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರ್ ನವೀನ್ ಕಾಫಿ ಪಿಕ್ಕಿಂಗ್ ಮುಗಿದ ಹೊತ್ತಿಗೆ ಸರಿಯಾಗಿ ಮೊಬೈಲ್ ಹಿಡಿದು ಅಲ್ಲೇ ಅಡ್ಡಾಡುತ್ತಾನಂತೆ. ಮಡಿಕೇರಿಯಲ್ಲಿ ಕಾರ್ಮಿಕ ಅಧಿಕಾರಿಗೆ ಅರ್ಜಿ ಕೊಡಬೇಕು ಎಂದರು. ಕೊಡುವ ಮೊದಲು ಎಸ್ಟೇಟಿಗೆ ಗೊತ್ತಾದರೆ ಜವರಿಯಕ್ಕನ ಹೆಸರು ಬೆಳಗ್ಗೆ ಹಾಜರಿ ಕರೆಯುವ ಮಸ್ಟರಿನಲ್ಲಿ ಕೂಗುವುದಿಲ್ಲ, ಲೈನಿನ ರೂಮೂ ಹೋಗುತ್ತದೆ.

ಕೇಂದ್ರ ನಡೆಸುವ ಟ್ರಸ್ಟು ಎಸ್ಟೇಟಿನವರದೇ ಅಲ್ಲವಾ, ಇಲ್ಲಿ ಟೈಪ್ ಮಾಡುವುದು ಸರಿಯಾ ಎಂದು ನಾನು ಅನುಮಾನಿಸಿದೆ. ಜವರಿಯಕ್ಕ ನಕ್ಕು ನಿಮ್ಮ ಅವ್ವನ ಹೆಸರು ಎತ್ತಿದರು. "ನಮ್ಮ ಚೋಮಿ ಮಗಳು ಕಟ್ಟಿದ ಜಾಗ. ಇಲ್ಲಿ ಎಂತ ಹೆದರಿಕೆ?"

ಅದಿರಲಿ. ದೀಪ ಯಾಕೆ ಹೀಗೆ ಎಂದು ನೀವು ಹೋಗುವ ಮೊದಲು ಕಲಿಸಿಕೊಟ್ಟ ಹಾಗೆ ಆ ಕಪ್ಪು ಕಿಟಕಿಯಲ್ಲಿ ಪ್ಯಾಕೇಜುಗಳ ಪಟ್ಟಿ ತೆಗೆದೆ. ನಾಲ್ಕರಲ್ಲಿ ಮಾತ್ರ ಒಂದು ಹೆಚ್ಚಿನ ಹೆಸರಿದೆ, ಕ್ಲಾಸ್‌ರೂಮ್ ಹೆಲ್ಪರ್ ಅಂತ ಏನೋ. ಏನದು? ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನನ್ನ ಸ್ವರ ಹೊರಡುವುದಿಲ್ಲ ಎಂದು ನಿಮಗೆ ಗೊತ್ತು. ಅದಕ್ಕೇ ಮೇಲ್‌ನಲ್ಲಿ ಇಷ್ಟುದ್ದ ಕಾಗದ.

ನಿಮ್ಮ
ಪೂಜಿತಾ


ಬೀದರ್
9 ಜನವರಿ 2025

ಪೂಜಿತಾ,

ನಗು ಬಂತು ಮಾರಾಯ್ತಿ. ಕನ್ನಡ ಎಂ.ಎ. ಮಾಡಿದವಳು ಒಂದು ದೀಪ ಮಿನುಗಿದ್ದನ್ನೂ ಪುಟಗಟ್ಟಲೆ ಬರೆಯುತ್ತೀಯಲ್ಲ. ಅದು ಹಾರ್ಡ್ ಡಿಸ್ಕಿನ ದೀಪ. ಡಿಸ್ಕ್ ಹಳೆಯದು, ನರಳುತ್ತದೆ.

ಇನ್ನೊಮ್ಮೆ ಹೇಳುತ್ತೇನೆ, ನೆನಪಿಟ್ಟುಕೋ. ಯಾವ ತಂತ್ರಾಂಶ ಹಾಕಬೇಕು, ಯಾವುದು ತೆಗೆಯಬೇಕು ಎಂದು ನೋಡಿಕೊಳ್ಳಲು ಕಂಪ್ಯೂಟರಿನೊಳಗೇ ಒಬ್ಬ ಮೇಸ್ತ್ರಿ ಇದ್ದಾನೆ, ಪ್ಯಾಕೇಜ್ ಮ್ಯಾನೇಜರ್. ಎಂಟು ಕಂಪ್ಯೂಟರುಗಳ ಮುಂದೆ ಎಂಟು ಸಲ ಕೂತು ಅವನಿಗೆ ಹೇಳುವ ಬದಲು ನನ್ನ ಪೈಥಾನ್ ಸ್ಕ್ರಿಪ್ಟ್ ಹೇಳುತ್ತದೆ. ಬೆಳಗ್ಗೆ ಆನ್ ಆದ ಕೂಡಲೇ ಅದು ಇಂಟರ್‌ನೆಟ್ಟಿನಲ್ಲಿ ನಾನಿಟ್ಟ ಪಟ್ಟಿಯನ್ನು ಓದುತ್ತದೆ. ಪಟ್ಟಿಯಲ್ಲಿದ್ದು ಇಲ್ಲಿ ಇಲ್ಲದ್ದನ್ನು ಹಾಕಿಸುತ್ತದೆ. ಇಲ್ಲಿದ್ದು ಪಟ್ಟಿಯಲ್ಲಿ ಇಲ್ಲದ್ದನ್ನು ತೆಗೆಸುತ್ತದೆ. ನಮ್ಮ ಮಸ್ಟರ್ ಇದ್ದ ಹಾಗೆ. ಹೆಸರಿದ್ದವರು ತೋಟಕ್ಕೆ, ಇಲ್ಲದವರು ವಾಪಸ್. ನಾನು ಬೀದರಿನಲ್ಲಿ ಕೂತು ಒಂದು ಸಾಲು ಬದಲಿಸಿದರೆ ಸುಂಟಿಕೊಪ್ಪದಲ್ಲಿ ಕೆಲಸ ಆಗುತ್ತದೆ. ಇಲ್ಲಿನ ಪಾಲಿಟೆಕ್ನಿಕ್ಕಿನ ಹುಡುಗರಿಗೆ ಅದನ್ನೇ ಪಾಠ ಮಾಡಿದೆ, ಬಾಯಿ ಬಿಟ್ಟು ಕೇಳಿದರು.

ನೀನು ಕೇಳಿದ ಪ್ಯಾಕೇಜ್ ಬೇರೆ ಯಾವುದರದೋ ಜೊತೆಗೆ ಬಂದಿರಬೇಕು. ಒಂದಕ್ಕೆ ಇನ್ನೊಂದು ಬೇಕಾಗುತ್ತದೆ, ಹಿಂದೆ ಬಾಲದ ಹಾಗೆ ಬರುತ್ತವೆ. ತಲೆ ಕೆಡಿಸಿಕೊಳ್ಳಬೇಡ.

ಇಲ್ಲಿ ಬೆಳಗ್ಗೆ ವಿಪರೀತ ಚಳಿ. ಜೋಳದ ರೊಟ್ಟಿ ಅಭ್ಯಾಸವಾಗುತ್ತಿದೆ. ಭಾನುವಾರ ಸಂತೆಯಲ್ಲಿ ಅವ್ವ ಸಿಕ್ಕಿದರೆ ಮಾತಾಡಿಸು.

ಪವಿತ್ರಾ


ಸುಂಟಿಕೊಪ್ಪ
13 ಜನವರಿ 2025, ಸೋಮವಾರ

ಪ್ರೀತಿಯ ಪವಿತ್ರಕ್ಕ,

ಅದು ಯಾವುದರ ಬಾಲವೂ ಅಲ್ಲ. ಈ ಪ್ಯಾಕೇಜ್ ಯಾರಿಗೆ ಬೇಕು ಎಂದು ಮೇಸ್ತ್ರಿಯನ್ನೇ ಕೇಳಿದೆ. ಯಾರಿಗೂ ಬೇಡ ಎಂದ. ಶುಕ್ರವಾರ ಸಂಜೆ ಅದನ್ನು ತೆಗೆದು ಹಾಕಿದೆ. ಶನಿವಾರ ಬೆಳಗ್ಗೆ ಮತ್ತೆ ಇತ್ತು. ಮತ್ತೆ ತೆಗೆದೆ. ಇವತ್ತು ಮತ್ತೆ ಇದೆ. ಮಳೆಗಾಲದಲ್ಲಿ ಕಾಲಿನಿಂದ ಕಿತ್ತೆಸೆದ ಇಂಬಳ ಮನೆಗೆ ಬಂದು ನೋಡಿದರೆ ಮಂಡಿಯ ಹಿಂದೆ ಉಬ್ಬಿ ಕೂತಿರುತ್ತದಲ್ಲ, ಹಾಗೆ ಮೈ ಝುಮ್ಮೆಂದಿತು.

ಶನಿವಾರ ಇನ್ನೊಂದು ನಡೆಯಿತು. ಟ್ರಸ್ಟಿನ ಸೆಕ್ರೆಟರಿ ಪ್ರವೀಣ್ ಬಂದಿದ್ದರು. ಎಸ್ಟೇಟಿನ ಮ್ಯಾನೇಜರೂ ಅವರೇ ಆದ್ದರಿಂದ ಹಿಂದೆ ನವೀನ್ ಇದ್ದ. ಪ್ರವೀಣ್ ಕುರ್ಚಿ ಎಳೆದು ನನ್ನ ಮೇಜಿಗೆ ತೀರ ಹತ್ತಿರ ಕೂತು, ಜಾತಿಯ ಹುಡುಗಿ ಎಂಬ ಸಲಿಗೆಯಲ್ಲಿ ನಮ್ಮ ಮನೆಮಾತಿನಲ್ಲೇ ಕೇಳಿದರು.

"ಎಂಥ ಗೂಡೆ, ಈಗ ಕಾಗದ ಬರೆದು ಕೊಡುದು ಸುರು ಮಾಡಿದ್ಯಾ?"

ನಾನು ಮೇಜಿನ ಮೇಲಿನ ರಿಜಿಸ್ಟರ್ ಮುಚ್ಚಿದೆ.

"ನೀ ನಮ್ಮ ಗೂಡೆ ಅಂತ ಹೇಳುದು. ಲೈನಿನವು ಇವತ್ತು ಇಲ್ಲಿರುವೊ, ನಾಳೆ ಇನ್ನೊಂದು ಎಸ್ಟೇಟಿಗೆ ಹೋಗುವೊ. ನೀ ಇಲ್ಲೇ ಇರಕಲ್ಲ?"

ನವೀನ್ ಬಾಗಿಲಿಗೆ ಒರಗಿಕೊಂಡು ಹಲ್ಲು ಕಿರಿದ. "ನೋಡ್ಲಿಕ್ಕೆ ಸಂಬಳ ಕೊಡುದಿಲ್ವಂತೆ ಸಾರ್ ನಂಗೆ. ಓವರ್‌ಟೈಮ್ ಕೇಳ್ಬೇಕು." ಇಬ್ಬರೂ ನಕ್ಕರು. ನವೀನನ ಬಾಯಿಂದ ಗುಟ್ಕಾದ ಎಂಜಲು ನಮ್ಮ ಹೊಸ್ತಿಲ ಮೇಲೆ ಬಿತ್ತು.

ಅಕ್ಕ, ಆ ಮಾತು ಜವರಿಯಕ್ಕನದು. "ನಾವು ಮೈ ತೊಳೆಯುವುದನ್ನು ನೋಡಲಿಕ್ಕೆ ಅವನಿಗೆ ಸಂಬಳ ಕೊಡುವುದಲ್ಲ" ಎಂದು ಅವರು ಹೇಳಿದ್ದನ್ನು ಹಾಗೇ ಟೈಪ್ ಮಾಡಿದ್ದೆ. ಅರ್ಜಿಗೆ ಒರಟಾಯಿತೇನೋ ಎಂದು ಹತ್ತು ನಿಮಿಷದಲ್ಲಿ ಅಳಿಸಿದೆ. ಪ್ರಿಂಟ್ ತೆಗೆದಿಲ್ಲ. ಆ ವಾಕ್ಯ ಲೋಕದಲ್ಲಿ ಬದುಕಿದ್ದು ಹತ್ತೇ ನಿಮಿಷ, ನಾಲ್ಕನೇ ಕಂಪ್ಯೂಟರಿನ ಪರದೆಯ ಮೇಲೆ ಮಾತ್ರ. ಅದನ್ನು ಓದಿದವಳು ನಾನೊಬ್ಬಳೇ, ಜವರಿಯಕ್ಕನಿಗೆ ಕೇಳಿಸಲು.

ಯಾರೋ ನಿಮ್ಮ ಪಟ್ಟಿಗೆ ಕೈ ಹಾಕಿದ್ದಾರೆ. ನಿಮ್ಮ ಪಾಸ್‌ವರ್ಡ್ ಕದ್ದಿರಬೇಕು. ದಯವಿಟ್ಟು ಇವತ್ತೇ ಬದಲಿಸಿ. ನಿಮ್ಮ ಹೆಸರು ಕೆಡಬಾರದು.

ಪೂಜಿತಾ


ಬೀದರ್
15 ಜನವರಿ 2025

ಪೂಜಿತಾ,

ಸ್ಕ್ರಿಪ್ಟನ್ನಾಗಲಿ ಪ್ಯಾಕೇಜನ್ನಾಗಲಿ ನೀನು ಮುಟ್ಟಬೇಡ. ಹಾಗೆ ಕಿತ್ತು ಕಿತ್ತು ಹಾಕಿದರೆ ಉಳಿದದ್ದೂ ಕೆಡುತ್ತದೆ. ಪಾಸ್‌ವರ್ಡ್ ವಿಷಯ ನೋಡುತ್ತೇನೆ. ಪರೀಕ್ಷೆಯ ಡ್ಯೂಟಿ ಹಾಕಿದ್ದಾರೆ, ಬಿಡುವಿಲ್ಲ.

ಅರ್ಜಿಗಳನ್ನೆಲ್ಲ ಕೇಂದ್ರದಲ್ಲಿ ಟೈಪ್ ಮಾಡಬೇಡ. ಕೈಯಲ್ಲಿ ಬರೆದುಕೊಡು. ನಿನ್ನ ಅಕ್ಷರ ಚೆನ್ನಾಗಿದೆ.

ಪವಿತ್ರಾ


ಸುಂಟಿಕೊಪ್ಪ
21 ಜನವರಿ 2025, ಮಂಗಳವಾರ

ಪವಿತ್ರಕ್ಕ,

ಮುಟ್ಟಬೇಡ ಎಂದಿದ್ದಿರಿ, ಮುಟ್ಟಿದೆ. ನಾಲ್ಕರ ನೆಟ್ವರ್ಕ್ ತಂತಿ ಕಿತ್ತಿಟ್ಟು ಆ ಪ್ಯಾಕೇಜ್ ಎಲ್ಲೆಲ್ಲಿ ಏನೇನು ಇಟ್ಟಿದೆ ಎಂದು ಹುಡುಕಿದೆ. ಒಂದು ಫೋಲ್ಡರ್ ಸಿಕ್ಕಿತು. ಒಳಗೆ ಸಾವಿರಗಟ್ಟಲೆ ಚಿತ್ರಗಳು. ಅರ್ಧ ನಿಮಿಷಕ್ಕೊಮ್ಮೆ ಅದು ಪರದೆಯ ಚಿತ್ರ ತೆಗೆದು ಟ್ರಸ್ಟ್ ಆಫೀಸಿನ ಕಂಪ್ಯೂಟರಿಗೆ ಕಳಿಸುತ್ತದೆ, ಒಂದು ಪ್ರತಿಯನ್ನು ಇಲ್ಲೇ ಬಿಡುತ್ತದೆ.

ಒಂದೊಂದು ದಿನದ್ದನ್ನು ತೆರೆದು ನೋಡಿದೆ. ಯಾರದೋ ಆಧಾರ್ ತಿದ್ದುಪಡಿ. ಒಬ್ಬ ತಾಯಿ ಮಗಳ ಹಾಸ್ಟೆಲ್ ಫಾರಂನಲ್ಲಿ ತಂದೆಯ ಹೆಸರು ಬರೆಯುವ ಜಾಗ ಖಾಲಿ ಬಿಟ್ಟದ್ದು. ಆಮೇಲೆ ನಮ್ಮ ಅರ್ಜಿ. "ನಾವು" ಎಂಬಲ್ಲಿ ಒಂದು ಚಿತ್ರ, "ನಾವು ಮೈ" ಎಂಬಲ್ಲಿ ಇನ್ನೊಂದು. ಜವರಿಯಕ್ಕ ತಡೆದು ತಡೆದು ಹೇಳಿದ್ದು, ನಾನು ಕಾದದ್ದು, ಅವರು ಮೂಗು ಒರೆಸಿಕೊಂಡಾಗ ಕರ್ಸರ್ ನಿಂತಲ್ಲೇ ನಿಂತದ್ದು ಎಲ್ಲ ಇದೆ. ಅಳಿಸಿದ ವಾಕ್ಯ ಹದಿನೆಂಟು ಚಿತ್ರಗಳಲ್ಲಿದೆ. ಆಚೆಯಿಂದ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ನೀರಿನ ಹುಳಿ ನಾತ ಬರುತ್ತಿತ್ತು. ಸೋಪು ಹಾಕಿ ಮೂರು ಸಲ ಕೈ ತೊಳೆದೆ. ಕೀಬೋರ್ಡು ತೊಳೆದೆ. ಆಮೇಲೂ ಆ ಕುರ್ಚಿಯಲ್ಲಿ ಕೂರಲು ಆಗಲಿಲ್ಲ.

ಗುರುವಾರದಿಂದ ಮಸ್ಟರಿನಲ್ಲಿ ಜವರಿಯಕ್ಕನ ಹೆಸರು ಕೂಗುತ್ತಿಲ್ಲ. ದಿನಾ ಬೆಳಗ್ಗೆ ಬುಟ್ಟಿ ಹಿಡಿದು ನಿಲ್ಲುತ್ತಾರೆ, ಎಲ್ಲರೂ ಹೋದ ಮೇಲೆ ವಾಪಸಾಗುತ್ತಾರೆ. ಬರುವ ತಿಂಗಳ ಕೊನೆಗೆ ರೂಮ್ ಬಿಡಲು ಹೇಳಿದ್ದಾರೆ. ನಿನ್ನೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು. ನಾನು ತಲೆ ತಗ್ಗಿಸಿ ದಾಟಿ ಹೋಗುವವಳಿದ್ದೆ. ಅವರೇ ಅಡ್ಡ ನಿಂತರು.

"ಓಡ್ಬೇಡಿ ಮೇಡಂ. ಒಂದು ಕೇಳ್ತೇನೆ. ನಾನು ಹೇಳಿದೆ, ನೀವು ಬರ್ದ್ರಿ. ರೂಮಲ್ಲಿ ಮೂರ್ನೇ ಮನುಷ್ಯ ಇದ್ನಾ?"

"ಇರಲಿಲ್ಲ."

"ಮತ್ತೆ ಆ ನಾಯಿ ಬಾಯಿಗೆ ನನ್ನ ಮಾತು ಹಾಕಿದ್ದು ಯಾರು?"

ಕಂಪ್ಯೂಟರ್ ಎಂದು ಹೇಳಲು ಬಾಯಿ ತೆರೆದೆ, ಅದೂ ಸುಳ್ಳಿನ ಹಾಗೆ ಕೇಳುತ್ತದೆ ಅನ್ನಿಸಿ ಮುಚ್ಚಿದೆ. ಅವರು ದಾರಿ ಬಿಟ್ಟು ಸರಿದರು. "ಓದಿದವರಿಗೆ ಸುಮ್ಮನಿರ್ಲಿಕ್ಕೂ ಕಲಿಸ್ತಾರೆ" ಎಂದು ಹೊರಟುಹೋದರು.

ಪಾಸ್‌ವರ್ಡ್ ಬದಲಿಸಿದಿರಾ? ಕದ್ದವರು ಯಾರೆಂದು ಗೊತ್ತಾಯಿತಾ? ಬೇಗ ಬರೆಯಿರಿ. ಜವರಿಯಕ್ಕನಿಗೆ ಹೇಳಲು ನನಗೊಂದು ಹೆಸರು ಬೇಕು.

ಪೂಜಿತಾ


ಸುಂಟಿಕೊಪ್ಪ
28 ಜನವರಿ 2025, ಮಂಗಳವಾರ

ಪವಿತ್ರಕ್ಕ,

ಒಂದು ವಾರ ಕಾದೆ. ನೀವು ಬರೆಯಲಿಲ್ಲ.

ಎಂ.ಎ.ಯಲ್ಲಿ ನಮಗೆ ಗ್ರಂಥ ಸಂಪಾದನೆ ಎಂಬ ಪತ್ರಿಕೆ ಇತ್ತು. ಒಂದೇ ಕಾವ್ಯದ ನಾಲ್ಕಾರು ಓಲೆಪ್ರತಿಗಳನ್ನು ಎದುರೆದುರು ಇಟ್ಟು ಯಾವ ಸಾಲು ಮೂಲದ್ದು, ಯಾವುದನ್ನು ಯಾರು ಆಮೇಲೆ ಸೇರಿಸಿದರು ಎಂದು ಗುರುತಿಸುವುದು. ತರಗತಿಯಲ್ಲಿ ಎಲ್ಲರೂ ಆಕಳಿಸುತ್ತಿದ್ದರು, ನನಗೊಬ್ಬಳಿಗೆ ಇಷ್ಟವಿತ್ತು. ನಿಮ್ಮ ಪಟ್ಟಿಯನ್ನೂ ಹಾಗೆ ಓದಿದೆ. ಪ್ರತಿ ಬದಲಾವಣೆಯ ಹಳೆ ಪ್ರತಿಗಳನ್ನೂ, ಬದಲಿಸಿದವರ ಹೆಸರು, ದಿನ, ಗಂಟೆಯನ್ನೂ ಅದು ಉಳಿಸಿಕೊಂಡಿರುತ್ತದೆ ಎಂದು ಕಲಿಸಿದವರು ನೀವೇ.

ಒಟ್ಟು ಮೂವತ್ತೊಂದು ಪ್ರತಿಗಳಿವೆ. ಇಪ್ಪತ್ತೊಂಬತ್ತರವರೆಗೆ ಎಂಟು ಕಂಪ್ಯೂಟರುಗಳಿಗೂ ಒಂದೇ ಪಟ್ಟಿ. ಮೂವತ್ತನೆಯದು 2024ರ ನವೆಂಬರ್ 18, ಬೆಳಗ್ಗೆ 9.40. ಒಂದು ಹೆಸರು ಸೇರಿದೆ. ಬದಲಿಸಿದವರು ಪವಿತ್ರಾ. ಮೂವತ್ತೊಂದನೆಯದು ಅದೇ ದಿನ, ಏಳು ನಿಮಿಷ ಬಿಟ್ಟು. ಪ್ಯಾಕೇಜಿನ ಸಾಲಿನ ಮೇಲೆ ಒಂದು ಷರತ್ತು ಸೇರಿದೆ. ಕಂಪ್ಯೂಟರಿನ ಸಂಖ್ಯೆ ನಾಲ್ಕಾಗಿದ್ದರೆ ಮಾತ್ರ.

ಕದ್ದವರು ಎಂದು ಎರಡು ಸಲ ಬರೆದೆನಲ್ಲ, ನೆನೆದರೆ ನಾಚಿಕೆಯಾಗುತ್ತದೆ. ಕದ್ದವರು ಸಾಲಿಗೆ ಹಾಗೆ ಜಾಗ ಬಿಡುವುದಿಲ್ಲ. ಷರತ್ತಿನ ಮೇಲೊಂದು ಖಾಲಿ ಸಾಲು, ಕೆಳಗೊಂದು ಖಾಲಿ ಸಾಲು. ಉಳಿದ ಇಪ್ಪತ್ತೊಂಬತ್ತು ಪ್ರತಿಗಳಲ್ಲೂ ನಿಮ್ಮದು ಅದೇ ರೂಢಿ.

ನಾಲ್ಕರ ಕೀಲಿಗಳಿಗೆ ಮಾತ್ರ ಕನ್ನಡ ಅಕ್ಷರದ ಚೀಟಿ ಅಂಟಿಸಿದೆ. ಅಂಟಿಸಿದವರು ನೀವು. ಲೈನಿನ ಹೆಂಗಸರು ಬಂದರೆ ಅಲ್ಲೇ ಕೂರುತ್ತಾರೆ ಎಂದು ನನಗೆ ಹೇಳಿದವರೂ ನೀವು.

ಇದಕ್ಕೆ ಬೇರೆ ಅರ್ಥ ಇದ್ದರೆ ಬರೆಯಿರಿ.

ಪೂಜಿತಾ


ಬೀದರ್
3 ಫೆಬ್ರವರಿ 2025

ಪೂಜಿತಾ,

ನಾಲ್ಕು ಸಲ ಬರೆದು ಅಳಿಸಿದೆ. ನೀನು ಅಳಿಸಿದ್ದನ್ನೂ ಓದುವವಳು ಎಂದು ಗೊತ್ತಿದ್ದರೂ.

ಪ್ರವೀಣ್ ನವೆಂಬರಿನಲ್ಲಿ ಫೋನ್ ಮಾಡಿದ್ದರು. ಮಕ್ಕಳು ಗೇಮ್ ಆಡುತ್ತಾರೆ, ಮೇಲೆ ಒಂದು ಕಣ್ಣಿಡಬೇಕು ಎಂದರು. ಶಾಲೆಗಳಲ್ಲಿ ಬಳಸುವ ತಂತ್ರಾಂಶವೇ ಅದು, ತಪ್ಪೇನೂ ಕಾಣಲಿಲ್ಲ. ಎಂಟಕ್ಕೂ ಹಾಕಿದೆ. ಹಾಕಿ ಹೇಳಿದರೆ, "ಎಲ್ಲಾ ಬೇಡ, ಆ ಕನ್ನಡ ಅಂಟಿಸಿದ್ದೊಂದು ಸಾಕು" ಎಂದರು. ಯಾಕೆ ಎಂದು ಕೇಳಲಿಲ್ಲ. ಆ ಏಳು ನಿಮಿಷ ಇದೇ.

ನಿನಗೆ ಗೊತ್ತಿಲ್ಲದ್ದು ಇದೆ. ಅವ್ವ ರಿಟೈರಾಗಿ ಎರಡು ವರ್ಷವಾಯಿತು. ನಿಯಮದ ಪ್ರಕಾರ ರೂಮ್ ಬಿಡಬೇಕು. ಬೀದರಿಗೆ ಕರೆದರೆ ಬರುವುದಿಲ್ಲ, ಅಲ್ಲಿನ ನೀರು ಒಗ್ಗುವುದಿಲ್ಲ ಅನ್ನುತ್ತಾಳೆ. ಪ್ರವೀಣ್ ಅದೇ ಫೋನಿನಲ್ಲಿ ಕೊನೆಗೆ, "ಚೋಮಿ ಚೆನ್ನಾಗಿದ್ದಾಳೆ, ಅವಳ ರೂಮಿನ ವಿಷಯ ನಾನಾಗಿ ಎತ್ತಿಲ್ಲ" ಎಂದರು. ಅಷ್ಟೇ. ಬೆದರಿಕೆ ಎಂದು ಯಾರಿಗೂ ತೋರಿಸಲು ಆಗದ ಮಾತು.

ಇವತ್ತು ಪಟ್ಟಿಯಿಂದ ಆ ಸಾಲು ತೆಗೆದಿದ್ದೇನೆ. ಜವರಿ ಅತ್ತೆಯ ಅರ್ಜಿ ಹೋಗಲಿ, ನಾನು ಅಡ್ಡ ಬರುವುದಿಲ್ಲ. ಒಂದು ಮಾತು ನಡೆಸಿಕೊಡು. ಆ ದಾಖಲೆಯ ಪುಟ ಅರ್ಜಿಗೆ ಸೇರಿಸುವುದಾದರೆ ನನ್ನ ಹೆಸರಿರುವ ಸಾಲು ಬಿಟ್ಟು ಸೇರಿಸು. ಪ್ರೊಬೇಷನ್ ಮುಗಿಯಲು ಇನ್ನೂ ಒಂದು ವರ್ಷವಿದೆ. ಲೈನಿನಿಂದ ಸರ್ಕಾರಿ ಕೆಲಸಕ್ಕೆ ಬಂದವಳು ನಾನೊಬ್ಬಳೇ. ಟ್ರಸ್ಟ್ ಮಾಡಿತು ಎಂದರೆ ಸಾಲದೇ? ಅದು ಸುಳ್ಳೂ ಅಲ್ಲ.

ಅವ್ವನಿಗೆ ಹೇಳಬೇಡ.

ಪವಿತ್ರಾ


ಸುಂಟಿಕೊಪ್ಪ
5 ಫೆಬ್ರವರಿ 2025, ಬುಧವಾರ

ಪವಿತ್ರಾ ಅವರಿಗೆ,

ನಿಮ್ಮ ಕಾಗದ ಓದಿದ ದಿನ ನಿಮ್ಮ ಮೇಲೆ ಹೇಸಿಗೆಯಾಯಿತು. ಅದನ್ನು ಮುಚ್ಚಿಡುವುದಿಲ್ಲ. ಪ್ರವೀಣನ ಮೇಲೆ, ಆ ನವೀನನ ಮೇಲೆ ಆದದ್ದಕ್ಕಿಂತ ಹೆಚ್ಚು. ಅವರಿಂದ ಯಾರೂ ಏನೂ ನಿರೀಕ್ಷಿಸಿರಲಿಲ್ಲ.

ನಿನ್ನೆ ಸಂಜೆ ಪಿಕ್ಕಿಂಗ್ ಮುಗಿದ ಮೇಲೆ ಲೈನಿಗೆ ಹೋದೆ. ಇಷ್ಟು ದಿನ ಅತ್ತ ಕಾಲಿಟ್ಟಿರಲಿಲ್ಲ. ಸ್ನಾನದ ಶೆಡ್ಡು ನೋಡಿದೆ. ಬಾಗಿಲಿನ ಜಾಗಕ್ಕೆ ಹರಿದ ಗೊಬ್ಬರದ ಚೀಲ ಕಟ್ಟಿದ್ದಾರೆ, ಎದೆಯಿಂದ ಕೆಳಗಷ್ಟೇ ಮರೆ. ಎದುರಿನ ಸಿಲ್ವರ್ ಮರದ ಬುಡದಲ್ಲಿ ಗುಟ್ಕಾದ ಖಾಲಿ ಪೊಟ್ಟಣಗಳು, ಎಣಿಸಲು ಬಾರದಷ್ಟು. ಅಲ್ಲಿ ನಿಂತ ಮೇಲೆಯೇ ನನಗೆ ಮಾತು ಬಂತು ಎಂದು ಕಾಣುತ್ತದೆ. ಜವರಿಯಕ್ಕನ ಜಗಲಿಯಲ್ಲಿ ಕೂತು ಹನ್ನೊಂದು ಹೆಂಗಸರಿಗೆ ನಾಲ್ಕನೇ ಕಂಪ್ಯೂಟರ್ ಮಾಡುತ್ತಿದ್ದುದನ್ನು ಹೇಳಿದೆ. ಫೋನಿಗೆ ಹಾಕಿಕೊಂಡಿದ್ದ ಪರದೆಯ ಚಿತ್ರಗಳನ್ನು ತೋರಿಸಿದೆ.

ಜವರಿಯಕ್ಕ ಬಹಳ ಹೊತ್ತು ನೋಡಿದರು. "ನಾನು ಮೂಗು ಸೀಟಿದ್ದು ಒಂದು ಬಂದಿಲ್ಲ" ಎಂದರು. ಎಲ್ಲರೂ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ಇದನ್ನೂ ಅರ್ಜಿಗೆ ಸೇರ್ಸಿ ಮೇಡಂ. ಶೆಡ್ಡಿಗೂ ಬಾಗ್ಲಿಲ್ಲ, ಕಾಗದಕ್ಕೂ ಬಾಗ್ಲಿಲ್ಲ ಅಂತ ಬರೀರಿ" ಎಂದರು.

ಬರೆದೆ. ಕೈಯಲ್ಲೇ ಬರೆದೆ, ಆರು ಹಾಳೆ. ಪಟ್ಟಿಯ ಎರಡು ಪ್ರತಿಗಳ ಪ್ರಿಂಟನ್ನೂ ಲಗತ್ತಿಸಿದೆ. ನಿಮ್ಮ ಹೆಸರಿನ ಸಾಲು ಅದರಲ್ಲಿ ಹಾಗೇ ಇದೆ. ಒಂದು ಪ್ರತಿಯ ಸಾಲನ್ನು ನನಗೆ ಬೇಕಾದವರಿಗಾಗಿ ಕಿತ್ತು ಹಾಕಲು ನನಗೆ ಬರುವುದಿಲ್ಲ, ನಿಮ್ಮ ಕೆಲಸ ಹೋದರೂ. ಅರ್ಜಿಯ ಹಾಳೆಯಲ್ಲೂ ಆ ಹೆಸರು ಬರೆದೆ.

ಹೆಬ್ಬೆಟ್ಟು ಒತ್ತುವ ಮೊದಲು ಇಡೀ ಅರ್ಜಿಯನ್ನು ಗಟ್ಟಿಯಾಗಿ ಓದಿದೆ. ನಿಮ್ಮ ಅವ್ವ ನನ್ನ ಪಕ್ಕದಲ್ಲೇ, ಮಂಡಿಗೆ ಮಂಡಿ ತಾಗುವ ಹಾಗೆ ಕೂತಿದ್ದರು. ಓದುತ್ತಾ ನಿಮ್ಮ ಹೆಸರಿನ ಹತ್ತಿರ ಬಂದೆ. ಹೆಸರು ಬಿಟ್ಟು, "ಪಟ್ಟಿ ಬದಲಿಸಿದವರು" ಎಂದಷ್ಟೇ ಓದಿ ಮುಂದಕ್ಕೆ ಹಾರಿದೆ.

ಅವರಿಗೆ ಗೊತ್ತಾಗಲಿಲ್ಲ. "ಯಾರು ಮಾಡಿದ್ದು ಅಂತ ಅದ್ರಲ್ಲಿ ಉಂಟಾ ಮಗಾ?" ಎಂದು ಕೇಳಿದರು.

"ಉಂಟು" ಎಂದೆ.

"ಹಂಗಾದ್ರೆ ಸರಿ. ಸಿಕ್ಕಿ ಬೀಳ್ಲಿ" ಎಂದು ಮಸಿಗೆ ಹೆಬ್ಬೆರಳು ಅದ್ದಿ, ಜವರಿಯಕ್ಕನ ಕೆಳಗೆ ಗಟ್ಟಿಯಾಗಿ ಒತ್ತಿದರು. ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು ನನಗೆ ಟೀ ಕಾಯಿಸಲು ಎದ್ದರು. ಆ ಟೀ ಕುಡಿದೆ.

ಮನೆಗೆ ಬಂದ ಮೇಲೆ ನಿಮ್ಮ ಮೇಲಿನ ಹೇಸಿಗೆ ನನ್ನ ಮೇಲೆ ತಿರುಗಿತು. ಓದಲು ಬಾರದ ಹೆಂಗಸಿನ ಎದುರು ನನಗೆ ಬೇಕಾದ್ದನ್ನು ಓದಿ, ಬೇಡದ್ದನ್ನು ನುಂಗಿ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದಿದ್ದೇನೆ. ಅವರನ್ನು ನೋಯಿಸಬಾರದು ಎಂದು ಮಾಡಿದೆ. ನೀವೂ ಅವರಿಗಾಗಿಯೇ ಮಾಡಿದ್ದು ಎಂದು ಬರೆದಿದ್ದೀರಿ.

ನಾಳೆ ಎಂಟು ಗಂಟೆಯ ಬಸ್ಸಿಗೆ ಜವರಿಯಕ್ಕನೂ ನಾನೂ ಮಡಿಕೇರಿಗೆ ಹೋಗುತ್ತೇವೆ. ಅದಕ್ಕೆ ಮೊದಲು ಲೈನಿಗೆ ಹೋಗಿ ಆ ಪುಟವನ್ನು ನಿಮ್ಮ ಅವ್ವನ ಎದುರು ಹೆಸರು ಸಮೇತ ಪೂರ್ತಿ ಓದುತ್ತೇನೆ. ಆಮೇಲೂ ಹೆಬ್ಬೆಟ್ಟು ಇರಲಿ ಎಂದರೆ ಇರುತ್ತದೆ. ಬೇಡ ಎಂದರೆ ಆ ಹಾಳೆಯನ್ನು ಅವರ ಕೈಗೇ ಕೊಟ್ಟು, ಉಳಿದ ಹತ್ತು ಜನರದನ್ನು ಹೊಸ ಹಾಳೆಯಲ್ಲಿ ತೆಗೆದುಕೊಳ್ಳುತ್ತೇನೆ.

ನಾನು ಓದುವ ಮೊದಲು ನೀವೇ ಫೋನ್ ಮಾಡಿ ಹೇಳುವುದಾದರೆ ಹೇಳಬಹುದು. ಮಸ್ಟರ್ ಏಳೂವರೆಗೆ. ನಾನು ಏಳಕ್ಕೆ ಅಲ್ಲಿರುತ್ತೇನೆ.

ಪೂಜಿತಾ